ಬಾದಾಮಿ ಗಿಡ ಕುಡಿದ ನನ್ನ ನೀರು

ನಾನೊಂದು ಸ್ಟೀಲ್ ಬಾಟಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನನ್ನ ಮಾತು ಕೇಳಿ, ಇವಳ್ಯಾರೋ ಹೊಟ್ಟೆಕಿಚ್ಚಿನ ಸವತಿ ಎಂದುಕೊಂಡೀರಿ. ಹೊಟ್ಟೆಕಿಚ್ಚು ನಿಜ, ಮುಚ್ಚಿಡುವುದಿಲ್ಲ. ಸವತಿಯರೂ ಇದ್ದರು. ಸೀಟಿ, ಚಹಾದ ಕಪ್ಪು, ಗೋಣಿತಟ್ಟು ಸುತ್ತಿಕೊಂಡ ಪ್ಲಾಸ್ಟಿಕ್ ಕ್ಯಾನು, ಕೊನೆಗೆ ಬಸ್ಸಿನ ರೇಡಿಯೇಟರು ಕೂಡ. ಇವರೆಲ್ಲರನ್ನೂ ಹೇಗೋ ಸಹಿಸಿಕೊಂಡೆ. ಸಹಿಸಲಾಗದೆ ಹೋದದ್ದು ಒಂದು ಗಿಡವನ್ನು.

ಹುಟ್ಟುವಾಗ ನಾನು ಬಾಟಲಿಯಾಗಿರಲಿಲ್ಲ, ಬರೀ ತಗಡು. ಒಂದು ಯಂತ್ರ ನನ್ನನ್ನು ರೊಟ್ಟಿಯಂತೆ ದುಂಡಗೆ ಕತ್ತರಿಸಿತು. ಇನ್ನೊಂದು ಯಂತ್ರ ನಡುವೆ ಅದುಮಿತು, ಬಟ್ಟಲಾದೆ. ಮತ್ತೆ ಅದುಮಿತು, ಲೋಟವಾದೆ. ಅದುಮಿ ಎಳೆದು, ಎಳೆದು ಅದುಮಿ, ಕೊನೆಗೆ ಕುತ್ತಿಗೆ ಹಿಂಡಿ ಬಾಟಲಿ ಮಾಡಿದರು. ಮೈ ಉಜ್ಜಿ ಹೊಳಪು ಕೊಟ್ಟರು. ಸೋರುತ್ತೇನೋ ಇಲ್ಲವೋ ನೋಡಲು ಅಲ್ಲಿನ ಒಬ್ಬ ಕೆಲಸಗಾರ ನನ್ನಲ್ಲಿ ನೀರು ತುಂಬಿಸಿ ತಲೆಕೆಳಗು ಹಿಡಿದ. ಒಂದು ಹನಿಯೂ ಬೀಳಲಿಲ್ಲ. ಅವನಿಗೆ ಬಾಯಾರಿತ್ತೋ ಏನೋ, ಮುಚ್ಚಳ ತೆಗೆದು ಆ ನೀರನ್ನು ಹಾಗೇ ಕುಡಿದುಬಿಟ್ಟ. ನೀರು ಅವನ ಗಂಟಲಲ್ಲಿ ಗಟ ಗಟ ಇಳಿಯಿತು. ಕುಡಿದು ಮುಗಿಸಿ ಅವನು ಉಸಿರು ಬಿಟ್ಟ. ಆ ಉಸಿರು ನನ್ನ ಖಾಲಿ ಹೊಟ್ಟೆಯೊಳಗೆ ಬಂದು ಸುತ್ತಿ ಹೋಯಿತು. ಆಹಾ, ಇದಕ್ಕೇ ನಾನು ಹುಟ್ಟಿದ್ದು ಎಂದುಕೊಂಡೆ. ಆಮೇಲೆ ಎಷ್ಟು ಕಾಲ ಆ ಒಂದು ಉಸಿರಿಗೆ ಹಂಬಲಿಸಿದೆ ಎಂಬುದೇ ನನ್ನ ಕಥೆ.

ಪಾತ್ರೆ ಅಂಗಡಿಯಲ್ಲಿ ನನ್ನನ್ನು ಕೊರಳಿಗೆ ದಾರ ಕಟ್ಟಿ ನೇತುಹಾಕಿದ್ದರು. ಒಂದು ದಿನ ಚಂದ್ರವ್ವ ಬಂದಳು. ಕಾಸಗಲ ಕುಂಕುಮ, ಹೆಗಲ ಮೇಲೆ ಸೆರಗು, ಅಂಗಡಿಯವನಿಗೆ ಮಾತಾಡಲು ಬಿಡದ ಬಾಯಿ. ಬಂದವಳೇ ಬೆರಳಿನಿಂದ ನನ್ನ ಹೊಟ್ಟೆಗೆ ಕುಟ್ಟಿ ನೋಡಿದಳು.

"ಇದು ಸೋರ್ತೈತೇನಪಾ?"

"ಸೋರಂಗಿಲ್ಲ ಯವ್ವಾ, ಗಟ್ಟಿ ಮಾಲು."

"ಎಲ್ಲಾ ಮಾಲೂ ಅಂಗಡ್ಯಾಗ ಗಟ್ಟೀನ ಇರ್ತಾವ. ಮನಿಗೆ ಬಂದ ಮ್ಯಾಲ ಅಳಾಕ ಚಾಲೂ ಮಾಡ್ತಾವ. ನೀರ ತುಂಬಿ ತೋರ್ಸು."

ಅವನು ನೀರು ತುಂಬಿ ತೋರಿಸಿದ. ಆಗ ಚಂದ್ರವ್ವನ ಮುಖ ಅರಳಿತು. "ನನ್ನ ಸೊಸಿ ಬಸ್ ಕಂಡಕ್ಟರ್ ಆಗ್ಯಾಳ. ದಿನಾ ಬಿಸಲಾಗ ಒದರಬೇಕು. ಹೆಸರು ಹಾಕಿ ಕೊಡು. ಕಸ್ತೂರಿ ಅಂತ. ಅಕ್ಷರ ದೊಡ್ಡೂ ಇರಲಿ, ಯಾರೂ ಎತ್ಕೊಂಡು ಹೋಗಬಾರ್ದು."

ಅಂಗಡಿಯವನು ಕರಕರ ಸದ್ದಿನ ಸೂಜಿ ಯಂತ್ರ ಹಿಡಿದು ನನ್ನ ಮೈಮೇಲೆ ಹೆಸರು ಕೊರೆದ. ನೋವಾಯಿತು, ಆದರೆ ಹೆಮ್ಮೆಯೂ ಆಯಿತು. ನಾನಿನ್ನೂ ನೋಡದ ಒಬ್ಬಳ ಹೆಸರು ನನ್ನ ಮೈಮೇಲೆ ಬಂದಿತ್ತು. ಇನ್ನು ಅವಳು ನನ್ನವಳು ಎಂದುಕೊಂಡೆ. ಹೊಟ್ಟೆಕಿಚ್ಚು ಶುರುವಾಗುವುದೇ ಅಲ್ಲಿಂದ, ಅದು ನನಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಮೂರೇ ಜನ. ಕಸ್ತೂರಿ, ಅವಳ ಅತ್ತೆ ಚಂದ್ರವ್ವ, ಹಿಟ್ಟಿನ ಗಿರಣಿ ನಡೆಸುವ ಗಂಡ. ಗಂಡನದು ಮಾತು ಕಡಿಮೆ. ಗಿರಣಿಯ ಸದ್ದಿನಲ್ಲಿ ಕೂಗಿ ಕೂಗಿ ಅವನ ಪಾಲಿನ ಮಾತೆಲ್ಲ ಅಲ್ಲೇ ಮುಗಿದಿರುತ್ತಿತ್ತು. ಮನೆ ನಡೆಯುತ್ತಿದ್ದದ್ದು ಚಂದ್ರವ್ವನ ಮಾತಿನ ಮೇಲೆ. ಕೆಲಸದ ಮೊದಲ ದಿನ ಅವಳು ನನ್ನನ್ನು ತುಂಬಿಸಿ ಸೊಸೆಯ ಕೈಗೆ ಕೊಟ್ಟು ಹೇಳಿದಳು:

"ನಾ ಹರೇದಾಗ ನೀರ ಕುಡೀಲಾರದ ಹರಳ ಮಾಡ್ಕೊಂಡಾಕಿ. ಆ ಬ್ಯಾನಿ ವೈರಿಗೂ ಬ್ಯಾಡ. ಸಂಜೀಕ ಬರೂವಾಗ ಇದು ಖಾಲಿ ಇರಬೇಕು. ಖಾಲಿ ಇಲ್ಲಂದ್ರ ರೊಟ್ಟಿ ಇಲ್ಲ, ನೋಡು ಮತ್ತ."

"ಆತ್ರೀ ಅತ್ತಿ," ಎಂದು ಕಸ್ತೂರಿ ನಕ್ಕಳು. ನಕ್ಕರೆ ಅವಳ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಅವಳ ಸ್ವರವೋ, ಸಂತೆಯ ಈ ತುದಿಯಲ್ಲಿ ನಿಂತು ಕರೆದರೆ ಆ ತುದಿಯವರು ತಿರುಗಿ ನೋಡಬೇಕು.

ಮೊದಲ ದಿನಗಳಲ್ಲಿ ಕಸ್ತೂರಿ ನಿಜವಾಗಿಯೂ ಕುಡಿದಳು. ಬಸ್ಸು ಊರು ಬಿಟ್ಟು ಹೊಲಗಳ ನಡುವೆ ಹೊರಟ ಕೂಡಲೇ ಚೀಲದಿಂದ ನನ್ನನ್ನು ತೆಗೆದು ಗುಟುಕರಿಸಿ, ಕೈಯ ಹಿಂಬದಿಯಿಂದ ತುಟಿ ಒರೆಸಿಕೊಂಡು, "ಯಾರ್ರೀ ಟಿಕೆಟ್?" ಎನ್ನುತ್ತಿದ್ದಳು. ನನಗೆ ಹಬ್ಬ.

ಆಮೇಲೆ ಒಂದು ದಿನ. ಬಸ್ಸಿನ ಕೊನೆಯ ಊರು ತೋಳನಗುಂಡಿ. ಅಲ್ಲಿ ಬಸ್ ನಿಲ್ದಾಣವೆಂದರೆ ಒಂದು ಸಿಮೆಂಟಿನ ಮಾಡು, ಅದರ ಕೆಳಗೆ ಇಸ್ಪೀಟು ಆಡುವ ನಾಲ್ಕು ಗಂಡಸರು. ಬಸ್ಸು ನಿಂತ ಕೂಡಲೇ ಡ್ರೈವರ್ ಮೀರಾಸಾಬ ಇಳಿದು ಜಾಲಿಯ ಮರೆಗೆ ಹೋಗಿ ಬಂದ. ಕಸ್ತೂರಿಯೂ ಇಳಿದಳು. ಜಾಲಿಯತ್ತ ನಾಲ್ಕು ಹೆಜ್ಜೆ ಇಟ್ಟಳು. ಇಸ್ಪೀಟಿನವರು ಎಲೆ ಕೈಯಲ್ಲೇ ಹಿಡಿದು ತಲೆ ಎತ್ತಿದರು. ಅವಳು ಬಗ್ಗಿ ಚಪ್ಪಲಿ ಸರಿಪಡಿಸಿಕೊಂಡವಳಂತೆ ಮಾಡಿ ವಾಪಸು ಬಂದಳು. ಬರುವಾಗ ಬಸ್ಸು ತುಂಬಿ ತುಳುಕುತ್ತಿತ್ತು. ದಾರಿಯ ಗುಂಡಿಯೊಂದೊಂದಕ್ಕೂ ಅವಳು ಕಣ್ಣು ಮುಚ್ಚುತ್ತಿದ್ದಳು. ಕೈ ಟಿಕೆಟ್ ಕೊಡುತ್ತಿತ್ತು, ಮೊಣಕಾಲುಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ಮನೆ ಮುಟ್ಟಿದವಳೇ ಚಪ್ಪಲಿಯೂ ಬಿಡದೆ ಹಿತ್ತಲಿಗೆ ಓಡಿದಳು.

ಮರುದಿನದಿಂದ ನನ್ನ ಮುಚ್ಚಳ ತೆರೆಯಲಿಲ್ಲ.

ನಾನು ಬಾಟಲಿ. ನನಗೆ ಹಿತ್ತಲೂ ತಿಳಿಯದು, ಜಾಲಿಯ ಮರೆಯೂ ತಿಳಿಯದು. ನನಗೆ ತಿಳಿದದ್ದು ಇಷ್ಟೇ: ಅವಳು ನನ್ನನ್ನು ಬಿಟ್ಟಳು. ಬಿಟ್ಟು ಬೇರೆಯವರ ಹಿಂದೆ ಹೋದಳು. ಆ ಬೇರೆಯವರು ಯಾರು ಎಂದು ನಾನು ಚೀಲದ ಬಾಯಿಯಿಂದ ಕಣ್ಣಿಟ್ಟು ಕಾಯತೊಡಗಿದೆ.

ಮೊದಲು ಸಿಕ್ಕಿಬಿದ್ದದ್ದು ಸೀಟಿ. ಬಸ್ಸು ನಿಲ್ಲಲು ಒಂದು ಸಲ, ಹೊರಡಲು ಎರಡು ಸಲ, ದಿನವಿಡೀ ಅವಳ ತುಟಿಯ ನಡುವೆ ಅದರ ವಾಸ. ಒಳಗೆ ಒಂದು ಗೋಲಿ ಬಿಟ್ಟರೆ ಏನೂ ಇಲ್ಲದ ಪ್ರಾಣಿ. ತಣ್ಣನೆಯ ನೀರು ಹೊತ್ತು ಕುಳಿತ ನನಗೆ ಸಿಗದ ತುಟಿ ಆ ಖಾಲಿ ಹೊಟ್ಟೆಯವಳಿಗೆ ಸಿಗುತ್ತಿತ್ತು. ಮೇಲಾಗಿ ಆ ಜಂಬದ ಕಿರುಚಾಟ ಬೇರೆ.

ಎರಡನೆಯವಳು ಚಹಾದ ಕಪ್ಪು. ಮಧ್ಯಾಹ್ನದ ಹೊತ್ತಿಗೆ ಕಸ್ತೂರಿಗೆ ತಲೆ ಸಿಡಿಯುತ್ತಿತ್ತು. ಆಗ ಒಂದೇ ಒಂದು ಚಹಾ. ಬೆರಳುದ್ದದ ಕಾಗದದ ಕಪ್ಪು, ಎರಡು ಗುಟುಕಿಗೆ ಮುಗಿಯುತ್ತದೆ, ಮುಗಿದ ಮೇಲೆ ಮುದುರಿ ಎಸೆಯುತ್ತಾರೆ. ಅಷ್ಟರ ಆಯುಷ್ಯಕ್ಕೆ ಅದೇನು ಗತ್ತು, ಅದೇನು ಹಬೆ.

ಇನ್ನು ಮೀರಾಸಾಬನ ಕ್ಯಾನು. ಡ್ರೈವರ್ ಸೀಟಿನ ಪಕ್ಕದಲ್ಲಿ ಒದ್ದೆ ಗೋಣಿತಟ್ಟು ಸುತ್ತಿಕೊಂಡು ರಾಣಿಯ ಹಾಗೆ ಕೂತಿರುತ್ತಿತ್ತು. ಅವನು ಪ್ರತಿ ನಿಲುಗಡೆಗೂ ಅದನ್ನು ಎತ್ತಿ ಗಟಗಟ ಕುಡಿಯುತ್ತಿದ್ದ. ಕುಡಿದು ಮಿಕ್ಕದ್ದನ್ನು ಮುಖಕ್ಕೆ ಹಾಕಿಕೊಳ್ಳುತ್ತಿದ್ದ. ಬಾನೆಟ್ಟು ತೆಗೆದು ರೇಡಿಯೇಟರಿಗೂ ಕುಡಿಸುತ್ತಿದ್ದ. "ಈಕಿಗೆ ನೀರ ಕಡಿಮಿ ಆದ್ರ ನಡು ದಾರ್‍ಯಾಗ ಕೈ ಕೊಡ್ತಾಳ ತಂಗಿ," ಎಂದು ಕಸ್ತೂರಿಗೆ ಹೇಳುತ್ತಿದ್ದ, ಬಸ್ಸಿನ ಮೂತಿ ತಟ್ಟುತ್ತ. ಕಸ್ತೂರಿ ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡು, "ಹೌದ್ ಬಿಡು ಕಾಕಾ," ಎನ್ನುತ್ತಿದ್ದಳು. ಕಬ್ಬಿಣದ ಬಸ್ಸಿನ ಬಾಯಾರಿಕೆ ಆ ಪುಣ್ಯಾತ್ಮನಿಗೆ ತಿಳಿಯುತ್ತಿತ್ತು.

ಮುಚ್ಚಳ ತೆರೆಯದ ಆ ಮೊದಲ ದಿನದ ಸಂಜೆ ನಾನು ತುಂಬಿದ ಹೊಟ್ಟೆಯಲ್ಲೇ ಬಸ್ ಡಿಪೋಗೆ ಬಂದೆ. ಮನೆಗೆ ಹೀಗೆ ಹೋದರೆ ಚಂದ್ರವ್ವ ಬಿಡುವವಳಲ್ಲ. ಕಸ್ತೂರಿ ಆಚೀಚೆ ನೋಡಿದಳು. ಡಿಪೋದ ಗೋಡೆಯ ಪಕ್ಕ ಒಂದು ಗೇಣುದ್ದದ ಬಾದಾಮಿ ಸಸಿ ಇತ್ತು. ಯಾವುದೋ ಪರಿಸರ ದಿನಕ್ಕೆ ಯಾರೋ ನೆಟ್ಟು, ಫೋಟೋ ತೆಗೆಸಿಕೊಂಡು ಮರೆತದ್ದು. ಡೀಸೆಲ್ ಮಸಿ ಹತ್ತಿ ಎರಡೇ ಎಲೆ ಜೋಲುಬಿದ್ದಿದ್ದವು. ಅವಳು ಅದರ ಮುಂದೆ ಕುಕ್ಕರುಗಾಲಲ್ಲಿ ಕುಳಿತು ನನ್ನನ್ನು ಬಗ್ಗಿಸಿದಳು.

"ಕುಡಿ ನನ್ನವ್ವಾ," ಎಂದಳು. "ನೀನರ ಕುಡಿ."

ನನ್ನ ಮೈಮೇಲೆ ಅವಳ ಹೆಸರು, ನನ್ನೊಳಗೆ ಅವಳಿಗೆಂದು ತುಂಬಿದ ನೀರು. ಅದನ್ನೆಲ್ಲ ಆ ಎರಡೆಲೆಯ ಸಸಿ ಒಂದೇ ಉಸಿರಿಗೆ ಹೀರಿತು. ಆ ಹೊತ್ತಿನಲ್ಲಿ ನನ್ನ ಹೊಟ್ಟೆಯಲ್ಲಿ ಹೊತ್ತಿದ ಕಿಚ್ಚು ಎಂಥದೆಂದರೆ, ಉಳಿದ ತೇವವೆಲ್ಲ ಆವಿಯಾಗಿರಬೇಕು.

ಮನೆಯಲ್ಲಿ ಚಂದ್ರವ್ವ ನನ್ನನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಳು. ಸದ್ದಿಲ್ಲ. "ಶಾಣ್ಯಾಕಿ ಆದಿ ನೋಡು," ಎಂದು ಸೊಸೆಯ ತಟ್ಟೆಗೆ ಬಿಸಿ ರೊಟ್ಟಿ ಹಾಕಿ ಬೆಣ್ಣೆ ಮೆತ್ತಿದಳು. ಕಸ್ತೂರಿ ತಟ್ಟೆ ನೋಡುತ್ತ ತಿಂದಳು.

ಇದು ದಿನದ ಪರಿಪಾಠವಾಯಿತು. ಬೆಳಿಗ್ಗೆ ಅತ್ತೆ ತುಂಬಿಸುವುದು, ದಿನವಿಡೀ ನಾನು ಸೀಲು ಹಾಕಿದ ಹಾಗೆ ಚೀಲದಲ್ಲಿ ಕುದಿಯುವುದು, ಸಂಜೆ ಗಿಡ ಕುಡಿಯುವುದು, ಮನೆಯಲ್ಲಿ ಸೊಸೆಗೆ ಶಹಬ್ಬಾಸ್. ಮಳೆ ಬಂತು, ಚಳಿ ಬಂತು, ಮತ್ತೆ ಬಿಸಿಲು ಬಂತು. ಹೀಗೇ ಮೂರ್ನಾಲ್ಕು ವರ್ಷ ಕಳೆಯಿತು. ಸಸಿ ನನ್ನ ನೀರು ಕುಡಿದು ಮೊಣಕಾಲುದ್ದವಾಯಿತು, ಸೊಂಟದುದ್ದವಾಯಿತು, ಆಳೆತ್ತರ ದಾಟಿ ಮೂರು ಅಂತಸ್ತಿನಲ್ಲಿ ಕೊಡೆ ಬಿಚ್ಚಿತು. ಎಲೆಗಳೋ ಅಂಗೈಯಗಲ, ಎಣ್ಣೆ ಹಚ್ಚಿದ ಹಾಗೆ ಮಿರಿಮಿರಿ. ಡ್ರೈವರುಗಳು ಅದರ ನೆರಳಿಗೆ ಮೋಟಾರ್ ಸೈಕಲ್ ನಿಲ್ಲಿಸಲು ಜಗಳಾಡತೊಡಗಿದರು. "ಕಸ್ತೂರಿ ಗಿಡ" ಎಂದೇ ಅದಕ್ಕೆ ಹೆಸರಾಯಿತು. ಕೇಳಿದಿರಾ, ನನ್ನ ಮೈಮೇಲೆ ಸೂಜಿಯಲ್ಲಿ ಕೊರೆಸಿಕೊಂಡ ಹೆಸರನ್ನು ಅದು ಕೂತಲ್ಲೇ ಪಡೆಯಿತು.

ಗಿಡ ತುಂಬುತ್ತ ಹೋದ ಹಾಗೆ ಕಸ್ತೂರಿ ಬತ್ತುತ್ತ ಬಂದಳು. ತುಟಿ ಸೀಳಿತು. ಕೆನ್ನೆಯ ಗುಳಿ ನಗದಿದ್ದರೂ ಕಾಣುವ ಹಾಗಾಯಿತು. ಸ್ವರ ಮಧ್ಯಾಹ್ನದೊಳಗೆ ಒಡೆಯುತ್ತಿತ್ತು. ಹಿತ್ತಲಿಗೆ ಹೋದರೆ ಉರಿ, ಸೆರಗು ಬಾಯಿಗೆ ತುಂಬಿಕೊಂಡು ಹೊರಬರುತ್ತಿದ್ದಳು. ಚಂದ್ರವ್ವ, "ಉಷ್ಣ ಆಗೈತಿ," ಎಂದು ರಾತ್ರಿ ನೆನೆಹಾಕಿದ ಕೊತ್ತಂಬರಿ ಬೀಜದ ನೀರು ಕುಡಿಸುತ್ತಿದ್ದಳು. ರಜೆಯ ದಿನ ಮನೆಯಲ್ಲಿ ಧಾರಾಳ ಕುಡಿದು ಸ್ವಲ್ಪ ಸುಧಾರಿಸುವಳು, ಡ್ಯೂಟಿಗೆ ಹೋದರೆ ಮತ್ತೆ ಅದೇ. ಚಂದ್ರವ್ವನಿಗೆ ತಲೆಬುಡ ತಿಳಿಯುತ್ತಿರಲಿಲ್ಲ. "ಇಷ್ಟ ನೀರ ಕುಡೀತಾಳ, ಎಲ್ಲಿ ಹೋಗತೈತಿ ಅಂತೀನಿ," ಎಂದು ನನ್ನನ್ನೇ ನೋಡಿ ಕೇಳುತ್ತಿದ್ದಳು. ನಾನೇನು ಹೇಳಲಿ. ಬಾಟಲಿಗೆ ಬಾಯಿ ಉಂಟು, ನಾಲಿಗೆ ಇಲ್ಲ.

ಒಂದು ಬೇಸಿಗೆಯ ದಿನ ತೋಳನಗುಂಡಿಯಿಂದ ವಾಪಸು ಬರುವಾಗ ಕಸ್ತೂರಿ ಸೀಟಿ ಊದಲು ಬಾಯಿಗಿಟ್ಟಳು. ಸದ್ದು ಬರಲಿಲ್ಲ. ಒಂದು ಕೈಯಿಂದ ಸೊಂಟದ ಬದಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಕಂಬಿ ಹಿಡಿಯಲು ಹೋಗಿ, ಅದು ಸಿಗದೆ ಸೀಟುಗಳ ನಡುವೆ ಕುಸಿದಳು. ಬಿಳಿ ಬಟ್ಟೆಯಂತಾದ ಮುಖದ ಮೇಲೆ ಬೆವರು ಸಾಲುಗಟ್ಟಿತ್ತು. ಮೀರಾಸಾಬ ಬ್ರೇಕು ಒತ್ತಿ ಓಡಿ ಬಂದ.

"ತಂಗಿ, ಏ ತಂಗಿ. ನೀರ ತರ್ರಿ ಯಾರರ."

ಯಾರೋ ಚೀಲದಿಂದ ನನ್ನನ್ನು ಎಳೆದು ಮುಚ್ಚಳ ತಿರುವಿದರು. ಎಷ್ಟೋ ವರ್ಷಗಳ ಮೇಲೆ ನನ್ನ ನೀರು ಅವಳನ್ನು ಮುಟ್ಟಿತು, ಅದೂ ಬಾಯಿಗಲ್ಲ, ಮುಖಕ್ಕೆ. ನಾನು ಬೇಡಿದ್ದು ಇದನ್ನಲ್ಲ.

ಬಸ್ಸು ಮುಂದಿನ ನಿಲುಗಡೆಗಳನ್ನೆಲ್ಲ ಬಿಟ್ಟು ನೇರ ಆಸ್ಪತ್ರೆಗೆ ಓಡಿತು. ಪ್ರಯಾಣಿಕರು ಯಾರೂ ತಕರಾರು ಮಾಡಲಿಲ್ಲ. ಒಬ್ಬ ಮುದುಕಿ ಮಾತ್ರ, "ನನ್ನ ಊರು ಹೋತು, ನಾ ಆಡು ಕಟ್ಟಿ ಬಂದೀನಿ," ಎಂದು ಗೊಣಗಿದಳು. ಗೊಣಗುತ್ತಲೇ ಕಸ್ತೂರಿಯ ತಲೆಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಸೆರಗಿನಿಂದ ಗಾಳಿ ಹಾಕಿದಳು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಪರೀಕ್ಷೆ ಮಾಡಿದರು. ಮೂತ್ರಪಿಂಡದಲ್ಲಿ ಹರಳು, ಮೇಲೆ ಸೋಂಕು. ಅಷ್ಟರಲ್ಲಿ ಚಂದ್ರವ್ವ ಓಡಿ ಬಂದಿದ್ದಳು.

"ದಿನಕ್ಕೆ ಎಷ್ಟು ನೀರು ಕುಡೀತಾರೆ?" ಎಂದು ಡಾಕ್ಟರಮ್ಮ ಕೇಳಿದರು.

ಚಂದ್ರವ್ವ ನನ್ನನ್ನು ಎತ್ತಿ ಹಿಡಿದಳು. "ಇದರ ತುಂಬರೀ. ನಾನ ತುಂಬಿ ಕೊಡ್ತೀನಿ. ಸಂಜೀಕ ಒಂದ್ ಹನಿ ಇರಂಗಿಲ್ಲ, ದಿನಾ ಅಲಗಾಡ್ಸಿ ನೋಡ್ತೀನಿ. ಮನ್ಯಾಗ ಕುಡಿಯೂದು ಬ್ಯಾರೆ."

"ಹೌದಾ?" ಡಾಕ್ಟರಮ್ಮನ ಹುಬ್ಬು ಗಂಟಾಯಿತು. "ಅಷ್ಟು ಕುಡಿದೂ ಹೀಗಾಗಿದೆ ಅಂದ್ರೆ ಬೇರೆ ಏನೋ ಇರಬೇಕು. ದೊಡ್ಡ ಆಸ್ಪತ್ರೆಗೆ ಬರೆದು ಕೊಡ್ತೀನಿ, ಎಲ್ಲಾ ಪರೀಕ್ಷೆ ಆಗಲಿ."

ಕಸ್ತೂರಿ ಗೋಡೆಯ ಕಡೆ ಹೊರಳಿದಳು. ನಾನು ಚಂದ್ರವ್ವನ ಕೈಯಲ್ಲಿ ಬೆವೆತೆ. ಬೇರೆ ಏನೂ ಇಲ್ಲ ತಾಯಿ, ಅವಳ ಪಾಲಿನ ನೀರೆಲ್ಲ ಗೋಡೆ ಪಕ್ಕ ಮೂರು ಅಂತಸ್ತು ಎದ್ದು ನಿಂತಿದೆ ಎಂದು ಕೂಗಬೇಕೆನಿಸಿತು.

ರಜೆಯ ಸುದ್ದಿ ತಿಳಿಸಲು ಚಂದ್ರವ್ವ ಮರುದಿನ ಡಿಪೋಗೆ ಹೋದಳು. ಗಾಬರಿಯಲ್ಲಿ ನನ್ನನ್ನೂ ಕೈಯಲ್ಲಿ ಹಿಡಿದೇ ಹೊರಟಿದ್ದಳು. ಮೀರಾಸಾಬ ಗಿಡದ ಕೆಳಗೆ ಕೂತಿದ್ದ, ಎದ್ದು ನಿಂತ.

"ಹೆಂಗ ಅದಾಳ್ರಿ ತಂಗಿ?"

"ಮಲಗ್ಯಾಳ. ದೊಡ್ಡ ದವಾಖಾನಿಗೆ ಅನ್ನಾಕತ್ತಾರ. ಅಯ್ಯ, ಎಷ್ಟ ಚಂದ ಬೆಳದೈತಪಾ ಈ ಗಿಡ. ಯಾರ ಹಚ್ಚಿದ್ದು?"

"ಹಚ್ಚಿದವರು ಯಾರೋ. ಸಾಕಿದಾಕಿ ನಿಮ್ಮ ಸೊಸಿ. ದಿನಾ ಸಂಜೀಕ ಬಾಟ್ಲಿ ತುಂಬ ನೀರ ಹಾಕ್ತಾಳ್ರಿ. ಇದ, ನಿಮ್ಮ ಕೈಯಾಗ ಐತೆಲ್ಲ, ಇದರಿಂದಾನ."

ಚಂದ್ರವ್ವ ನನ್ನನ್ನು ನೋಡಿದಳು. ಗಿಡವನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಆಮೇಲೆ ಗಿಡದ ಕೆಳಗಿನ ಕಟ್ಟೆಯ ಮೇಲೆ ಕುಳಿತಳು. ಬಯ್ಯುತ್ತಾಳೆ ಎಂದು ನಾನು ಕಾದೆ. ಗಿಡಕ್ಕೆ ನಾಲ್ಕು ಮಾತು ಬೀಳಲಿ, ನನ್ನ ಜೀವ ತಣ್ಣಗಾಗಲಿ ಎಂದಿತ್ತು. ಅವಳು ಬಯ್ಯಲಿಲ್ಲ. ಸಣ್ಣ ದನಿಯಲ್ಲಿ ಕೇಳಿದಳು.

"ಮೀರಾಸಾಬಣ್ಣ, ನೀ ದಾರ್‍ಯಾಗ ನೀರ ಕುಡೀತಿ. ಕುಡದದ್ದು ಹೊರಗ ಹೋಗಬೇಕಂದ್ರ ಎಲ್ಲಿ ಹೋಗ್ತಿ?"

"ಎಲ್ಲಿ ಅಂದ್ರ? ಗಾಡಿ ನಿಂತಲ್ಲಿ, ಗಿಡಾ ಗಂಟಿ ಮರಿಗೆ."

"ನನ್ನ ಸೊಸಿ ಎಲ್ಲಿ ಹೋಗ್ತಾಳ?"

ಮೀರಾಸಾಬ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಇಷ್ಟ ವರ್ಷ ಬಾಜೂಕ ಕುಂತೀನಿ," ಎಂದ. "ಒಂದ್ ದಿನಾನೂ ಆ ವಿಚಾರ ತಲ್ಯಾಗ ಬಂದಿಲ್ಲರೀ."

ಆಗ ನನಗೂ ಎಲ್ಲ ಹೊಳೆಯಿತು. ಅವಳು ನನ್ನನ್ನು ಬಿಟ್ಟಿರಲಿಲ್ಲ. ಸೀಟಿಯೂ ಅಲ್ಲ, ಚಹಾವೂ ಅಲ್ಲ, ಯಾರೂ ಅವಳನ್ನು ಕಸಿದುಕೊಂಡಿರಲಿಲ್ಲ. ಅವಳು ನನಗೆ ಹೆದರಿದ್ದಳು. ಹೌದು, ನನಗೆ, ನನ್ನೊಳಗಿನ ನೀರಿಗೆ.

ಆಸ್ಪತ್ರೆಯಲ್ಲಿ ಚಂದ್ರವ್ವ ಸೊಸೆಯ ಹಾಸಿಗೆಯ ಮೇಲೆ ಕುಳಿತು ನನ್ನನ್ನು ಅವಳ ಕೈಗಿಟ್ಟಳು.

"ಗಿಡ ನೋಡಿ ಬಂದೆ."

ಕಸ್ತೂರಿಯ ಕಣ್ಣು ತುಂಬಿತು. "ನಿಮ್ಮ ಮುಂದ ಹೇಳಾಕ ಧೈರ್ಯ ಆಗ್ಲಿಲ್ಲ ಅತ್ತಿ. ಹೇಳಿದ್ರ ನೌಕರಿ ಬಿಡು ಅಂತೀರಿ ಅಂತ."

"ನೌಕರಿ ಯಾಕ ಬಿಡ್ತಿ? ಮಂದಿ ಮನಿ ಬಾಗಿಲ ಬಡ್ಯಾಕ ನಿನಗೇನಾಗಿತ್ತು?"

"ಖಾಕಿ ಹಾಕ್ಕೊಂಡು ಹೋಗಿ ಹೆಂಗ ಕೇಳೂದ್ರಿ. ಎಲ್ಲಾರೂ ಹಿಂಗ ಮಾಡ್ತಾರ. ಕಟ್ಟಿ ಇಟ್ಕೊಳ್ಳೂದೂ ಡ್ಯೂಟೀನ ಅಂತ ತಿಳಕೊಂಡಿದ್ದೆ."

ಚಂದ್ರವ್ವ ಡಾಕ್ಟರಮ್ಮನನ್ನು ಕರೆದು ನಿನ್ನೆ ಹೇಳಿದ್ದು ಸುಳ್ಳಾಯಿತು ಎಂದು ಎಲ್ಲವನ್ನೂ ಬಿಚ್ಚಿ ಹೇಳಿದಳು. ಡಾಕ್ಟರಮ್ಮ ದೊಡ್ಡ ಆಸ್ಪತ್ರೆಗೆಂದು ಬರೆಯುತ್ತಿದ್ದ ಚೀಟಿಯನ್ನು ಪಕ್ಕಕ್ಕಿಟ್ಟರು.

"ಹಾಗಾದ್ರೆ ಇದಕ್ಕೆ ಮದ್ದು ನಿಮ್ಮ ಕೈಯಲ್ಲೇ ಇದೆ. ಹರಳು ಸಣ್ಣದು. ಸೋಂಕಿಗೆ ಮಾತ್ರೆ ಕೊಡ್ತೀನಿ, ಪೂರ್ತಿ ಮುಗಿಸಬೇಕು. ಉಳಿದದ್ದು ನೀರೇ ಮಾಡ್ಬೇಕು. ಮೈಯೊಳಗಿನ ಕಸ ತೊಳೆದು ಹೊರಗೆ ಹಾಕೋದು ನೀರು. ಅದು ಕಡಿಮೆ ಆದ್ರೆ ಕಸ ಅಲ್ಲೇ ಗಟ್ಟಿಯಾಗುತ್ತೆ. ತಲೆನೋವು, ಮಲಬದ್ಧತೆ, ತಲೆ ಸುತ್ತು, ಎಲ್ಲಾ ಹಿಂದೆ ಹಿಂದೆನೇ ಬರುತ್ತೆ."

"ಇವತ್ತಿಂದ ಮುಂಜಾನೆ ಒಂದು ಬಾಟ್ಲಿ ನಿಂತು ಕುಡಸ್ತೀನಿ ಬಿಡ್ರಿ," ಎಂದಳು ಚಂದ್ರವ್ವ.

"ಅಯ್ಯೋ, ಹಾಗಲ್ಲ ಅಮ್ಮಾ. ಒಂದೇ ಸಲಕ್ಕೆ ಸುರಿಯೋದಲ್ಲ. ಆಗಾಗ ಸ್ವಲ್ಪ ಸ್ವಲ್ಪ, ಬಿಸಿಲಲ್ಲಿ ಇನ್ನೂ ಸ್ವಲ್ಪ. ಬಾಟ್ಲಿ ಅಲ್ಲಾಡ್ಸಿ ನೋಡಬೇಡಿ. ಮೂತ್ರ ತಿಳಿಯಾಗಿದ್ರೆ ಸಾಕಷ್ಟು ಕುಡೀತಿದಾರೆ ಅಂತ, ದಟ್ಟ ಹಳದಿ ಇದ್ರೆ ಸಾಲದು ಅಂತ. ಬಂದಾಗ ತಡೆಹಿಡೀಬಾರದು, ಅದು ಮುಖ್ಯ."

ಬಾಟಲಿ ಅಲ್ಲಾಡಿಸಬೇಡಿ ಎಂದದ್ದು ನನಗೆ ಸ್ವಲ್ಪ ಮುಖಭಂಗವೇ. ಆದರೂ ಆ ಹೆಣ್ಣುಮಗಳ ಮೇಲೆ ಸಿಟ್ಟು ಬರಲಿಲ್ಲ.

ಕಸ್ತೂರಿ ಮತ್ತೆ ಕೆಲಸಕ್ಕೆ ಹೋದ ಮೊದಲ ದಿನ ಚಂದ್ರವ್ವನೂ ಬಸ್ಸು ಹತ್ತಿದಳು. ಡ್ರೈವರ್ ಹಿಂದಿನ ಸೀಟು, ತೊಡೆಯ ಮೇಲೆ ನಾನು, ಪಕ್ಕದಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ. ದಾರಿಯುದ್ದಕ್ಕೂ ಅವಳೇ ನನ್ನಿಂದ ಕುಡಿದಳು, ಬೇಕೆಂದೇ. ತೋಳನಗುಂಡಿ ಬಂತು. ಅದೇ ಮಾಡು, ಅದೇ ಇಸ್ಪೀಟು. ಚಂದ್ರವ್ವ ಇಳಿದು, ಕಂಕುಳಲ್ಲಿ ನನ್ನನ್ನು ಇರುಕಿಕೊಂಡು, ಬಲಗೈಯಲ್ಲಿ ಡಬ್ಬಿ, ಎಡಗೈಯಲ್ಲಿ ಸೊಸೆಯ ಮುಂಗೈ ಹಿಡಿದು, ಇಸ್ಪೀಟಿನವರ ಮುಂದೆಯೇ ಹಾದು ಎದುರಿನ ನೀಲಿ ಬಾಗಿಲ ಮನೆಗೆ ಹೋದಳು. ಕಟ್ಟೆಯ ಮೇಲೆ ಒಬ್ಬ ಹೆಂಗಸು ಜೋಳ ಹಸನು ಮಾಡುತ್ತಿದ್ದಳು. ಹೆಸರು ಪಾರವ್ವ ಎಂದು ಆಮೇಲೆ ತಿಳಿಯಿತು.

"ಯವ್ವಾ ತಂಗಿ, ಬಸ್ಸಿನ್ಯಾಗ ಬಂದೀವಿ. ಒಂದಕ್ಕ ಹೋಗಬೇಕು. ಜಾಗಾ ತೋರಸ್ತಿಯೇನ?"

"ಹಿತ್ತಲದಾಗ ಐತಿ ಬರ್ರಿ," ಎಂದು ಪಾರವ್ವ ಮೊರ ಕೆಳಗಿಟ್ಟು ಎದ್ದಳು. ಅಷ್ಟೇ. ಇಷ್ಟು ವರ್ಷ ಒಬ್ಬಳ ಮೈಯನ್ನು ಒಣಗಿಸಿದ ಮಾತು ಅಷ್ಟರಲ್ಲಿ ಮುಗಿಯಿತು.

ಇಬ್ಬರೂ ಹೋಗಿ ಬಂದ ಮೇಲೆ ಚಂದ್ರವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಳು. ಪಾರವ್ವನ ತವರು ಯಾವುದು, ಅಕ್ಕನನ್ನು ಎಲ್ಲಿಗೆ ಕೊಟ್ಟಿದೆ ಎಂದೆಲ್ಲ ವಿಚಾರಿಸಿ, ಎಲ್ಲೋ ಒಂದು ಕಡೆ ತಮ್ಮ ಬೀಗರ ಬೀಗರನ್ನು ಹಿಡಿದೇಬಿಟ್ಟಳು. ಡಬ್ಬಿ ಅವಳ ಮುಂದಿಟ್ಟಳು.

"ಈಕಿ ನನ್ನ ಸೊಸಿ. ಇನ್ನ ಮ್ಯಾಲ ದಿನಾ ಬರ್ತಾಳ. ಹಿಂಡಿ ತೀರಿದ್ರ ಹೇಳಿ ಕಳಿಸು."

ಪಾರವ್ವ ಕಸ್ತೂರಿಯನ್ನು ಮೇಲಿಂದ ಕೆಳಗೆ ನೋಡಿದಳು. "ಹಿಂಡಿ ಇರಲಿ ಬಿಡ್ರಿ. ಅಲ್ಲ ತಂಗಿ, ಇಷ್ಟ ದಿನಾ ಯಾಕ ಕೇಳಲಿಲ್ಲ? ನಾವು ದಾರ್‍ಯಾಗ ನಿಂತು ಕೈ ಮಾಡಿದ್ರ ನೀ ಬಸ್ಸು ನಿಲ್ಲಸ್ತಿ. ನೀ ಕೈ ಮಾಡಿದ್ರ ನಾವು ನಿಲ್ಲಂಗಿಲ್ಲೇನ?"

ಕಸ್ತೂರಿ ಅತ್ತೆಯ ಕೈಯಿಂದ ನನ್ನನ್ನು ತೆಗೆದುಕೊಂಡಳು. ಮುಚ್ಚಳ ತಿರುವಿದಳು. ಅಲ್ಲೇ, ಆ ಕಟ್ಟೆಯ ಮೇಲೆ, ತಲೆ ಹಿಂದಕ್ಕೆ ಹಾಕಿ ಕುಡಿದಳು. ಗುಟುಕು ಇಳಿಯುವ ಸದ್ದು ನನಗೆ ಕೇಳಿಸಿತು. ಕುಡಿದು ನಿಲ್ಲಿಸಿ ಉಸಿರು ಬಿಟ್ಟಳು. ಅದು ನನ್ನೊಳಗೆ ಬಂದು ಸುತ್ತಿತು. ಹುಟ್ಟಿದ ದಿನ ಬಂದಿತ್ತಲ್ಲ, ಅದೇ ಉಸಿರು.

ಮೀರಾಸಾಬ ಅವತ್ತಿನಿಂದ ತೋಳನಗುಂಡಿಯಲ್ಲಿ ಬಾನೆಟ್ಟು ತೆರೆದು ನಿಲ್ಲತೊಡಗಿದ. ಪ್ರಯಾಣಿಕರು ಅವಸರ ಮಾಡಿದರೆ, "ಗಾಡಿ ಬಿಸಿ ಆಗೈತ್ರಿ, ನೀರ ಕುಡೀಲಿ ಪಾಪ," ಎನ್ನುತ್ತಿದ್ದ. ಕಸ್ತೂರಿ ನೀಲಿ ಬಾಗಿಲಿಂದ ಹೊರಬಂದ ಮೇಲೆಯೇ ಗಾಡಿ ತಣ್ಣಗಾಗುತ್ತಿತ್ತು. ರೇಡಿಯೇಟರಿನ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಹೀಗೆ ಕಳೆಯಿತು.

ತುಟಿ ಕೂಡಿಕೊಂಡಿತು. ತಲೆನೋವು ದಿನದ ನಂಟು ಬಿಟ್ಟು ಅಪರೂಪದ ಅತಿಥಿಯಾಯಿತು. ಉರಿ ಹೋಯಿತು. ಡಾಕ್ಟರಮ್ಮ ಮತ್ತೆ ನೋಡಿದಾಗ ಹರಳು ಇರಲಿಲ್ಲ, ಆದರೂ, "ನೀರು ಬಿಟ್ರೆ ಅದು ವಾಪಸ್ ಬರುತ್ತೆ, ನೆನಪಿರಲಿ," ಎಂದರು. ಸ್ವರ ಸಂತೆಯ ಆ ತುದಿಗೆ ಮತ್ತೆ ಮುಟ್ಟಿತು. ಸಂಜೆ ನಾನು ನಿಜವಾಗಿ ಖಾಲಿಯಾಗಿ ಡಿಪೋಗೆ ಬರುತ್ತಿದ್ದೆ. ಆ ಬೇಸಿಗೆಯಲ್ಲಿ ಬಾದಾಮಿ ಗಿಡದ ಎಲೆ ಕೆಂಪಾಗಿ ಉದುರಿತು. ನಾನು ಚೀಲದೊಳಗಿಂದ ನೋಡಿ ಮನಸಾರೆ ಹಿಗ್ಗಿದೆ. ಈಗ ಕುಡಿ, ಯಾರ ನೀರು ಕುಡಿಯುತ್ತಿ ನೋಡೋಣ ಎಂದೆ. ನಾಲ್ಕು ದಿನಕ್ಕೆ ಮತ್ತೆ ಚಿಗುರಿತು. ಅದರ ಬೇರು ಆಗಲೇ ಆಳಕ್ಕೆ ಇಳಿದಿತ್ತು, ನನ್ನ ಹಂಗು ಅದಕ್ಕೆ ಉಳಿದಿರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ಎಲ್ಲರ ಹಾಗೆ ನನಗೂ ವಯಸ್ಸಾಯಿತು. ಬಸ್ಸಿನ ಮೆಟ್ಟಿಲಿಂದ ಬಿದ್ದು ಬಿದ್ದು ಮೈಯೆಲ್ಲ ನೆಗ್ಗಿತು. ಒಂದು ದಿನ ಕಲ್ಲಿನ ಮೇಲೆ ಬಿದ್ದು ತಳ ಬಿರುಕು ಬಿಟ್ಟಿತು. ಕಸ್ತೂರಿಯ ಚೀಲವೆಲ್ಲ ಒದ್ದೆ. ಚಂದ್ರವ್ವ ಅಂಗಡಿಗೆ ಹೋಗಿ ಹೊಸ ಬಾಟಲಿ ತಂದಳು. ನೀಲಿ ಬಣ್ಣ, ಎರಡು ಪದರದ ಮೈ, ಮಧ್ಯಾಹ್ನದವರೆಗೂ ತಣ್ಣಗೆ. ಅದರ ಮೇಲೂ ಹೆಸರು ಕೊರೆಸಿದಳು. ಕಸ್ತೂರಿ ಅದರ ಬಾಯಿಗೆ ಬಾಯಿಟ್ಟು ಕುಡಿಯುವುದನ್ನು ನಾನು ಅಡುಗೆಮನೆಯ ಮೂಲೆಯಿಂದ ನೋಡಿದೆ. ಸೀಟಿ, ಕಪ್ಪು, ಕ್ಯಾನು, ಗಿಡ ಎಲ್ಲರ ಮೇಲಿನ ಹಳೆಯ ಕಿಚ್ಚನ್ನೂ ಒಟ್ಟು ಸೇರಿಸಿದರೂ ಅವತ್ತಿನದಕ್ಕೆ ಸಮವಲ್ಲ.

"ಇದನ್ನ ಗುಜರಿಗೆ ಹಾಕೂನೇನ?" ಎಂದಳು ಚಂದ್ರವ್ವ.

"ಬ್ಯಾಡ್ರಿ ಅತ್ತಿ," ಎಂದಳು ಕಸ್ತೂರಿ. "ಅದಕ್ಕೊಂದು ಜಾಗಾ ಐತಿ."

ಆ ಜಾಗ ಯಾವುದು ಗೊತ್ತೇ? ಸವತಿಯ ಕಾಲಬುಡ. ಬಾದಾಮಿ ಗಿಡದ ಪಕ್ಕ ಹೊಸದಾಗಿ ಒಂದು ಬೇವಿನ ಸಸಿ ನೆಟ್ಟಿದ್ದರು. ಎರಡರ ನಡುವೆ ನನ್ನನ್ನು ಅರ್ಧ ಹೂತರು. ಮೇಲಿಂದ ನೀರು ತುಂಬಿದರೆ ಬಿರುಕಿನಿಂದ ಹನಿಹನಿಯಾಗಿ ಮಣ್ಣಿಗೆ ಇಳಿಯುತ್ತದೆ. ಯಾರು ಡ್ಯೂಟಿ ಮುಗಿಸಿ ಬರುತ್ತಾರೋ ಅವರು ನಲ್ಲಿಯಿಂದ ತಂದು ತುಂಬಿಸುತ್ತಾರೆ. ಮೊದಲಿಗೆ ನನಗೆ ಬಹಳ ಅವಮಾನವಾಯಿತು. ನೆರಳಿನಲ್ಲಿ ಕೂತು ಯೋಚಿಸಲು ಸಮಯ ಸಿಕ್ಕಿತು ಅನ್ನುವುದು ಬೇರೆ ಮಾತು. ಈ ನೆರಳಲ್ಲೇ ಹೊಸ ಹುಡುಗಿಯರು ಕಂಡಕ್ಟರಾಗಿ ಬಂದರೆ ಕಸ್ತೂರಿ ಕೂರಿಸಿಕೊಂಡು, ಯಾವ ಊರಲ್ಲಿ ಯಾರ ಮನೆ, ಬಾಗಿಲ ಬಣ್ಣ ಯಾವುದು, ಏನು ಕೊಂಡುಹೋದರೆ ಆ ಮನೆಯವರಿಗೆ ಇಷ್ಟ ಎಂದು ಹೇಳಿಕೊಡುತ್ತಾಳೆ. ಎಲ್ಲ ಮುಗಿಸಿ ಕೊನೆಗೆ, "ನೀರ ಕುಡೀರಿ, ಕಟ್ಟಿ ಇಟ್ಕೋಬ್ಯಾಡ್ರಿ," ಎನ್ನುತ್ತಾಳೆ.

ನಿನ್ನೆ ಸಂಜೆ ಅವಳು ಬಂದಾಗ ನಾನು ಒಣಗಿದ್ದೆ. ಅವಳು ಹಿಂದಿನ ಅಭ್ಯಾಸದಂತೆ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಚೀಲದಿಂದ ನೀಲಿ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ ನನ್ನ ಬಾಯಿಯ ಮೇಲೆ ತಲೆಕೆಳಗು ಹಿಡಿದಳು. ಆ ಸೊಕ್ಕಿನ ಬಾಟಲಿಯ ಎಂಜಲು ನನಗೆ ಬೇಡ ಎಂದು ನಾನು ಮುಖ ತಿರುಗಿಸುವವಳಿದ್ದೆ.

ಬಿದ್ದದ್ದು ಒಂದೇ ಹನಿ. ಅವಳು ಅಲ್ಲಾಡಿಸಿದಳು. ಏನೂ ಇಲ್ಲ.

ಆಗ ಅಷ್ಟು ವರ್ಷ ಚಂದ್ರವ್ವ ಕಿವಿಯ ಬಳಿ ಹಿಡಿದು ಕೇಳಿದ ಸುಳ್ಳು ನಿಶ್ಶಬ್ದ ನನ್ನದು. ಇದು ನಿಜವಾದದ್ದು. ಆ ನೀಲಿ ಬಾಟಲಿಯ ನೀರೆಲ್ಲ ಎಲ್ಲಿ ಹೋಗಿತ್ತೋ ಅದು ನನ್ನ ಮುಂದೆ ಕುಳಿತು, ಕೆನ್ನೆಯಲ್ಲಿ ಗುಳಿ ಬೀಳುವ ಹಾಗೆ ನಗುತ್ತಿತ್ತು.

"ಇವತ್ತ ನಿನಗ ಉಳದಿಲ್ಲ ನೋಡವ್ವಾ," ಎಂದು ಗಿಡಕ್ಕೆ ಹೇಳಿ, ನನ್ನನ್ನು ತುಂಬಿಸಲು ನಲ್ಲಿಯ ಕಡೆ ಹೊರಟಳು. ನಾನು ಆ ಒಂದು ಹನಿಯನ್ನು ಬಿರುಕಿನಿಂದ ಇಳಿಯಗೊಡದೆ, ಅವಳು ಬರುವವರೆಗೂ ಹಿಡಿದುಕೊಂಡೇ ಇದ್ದೆ.